ಆರನೇ ಹಾಡಿನ ನಲವತ್ತು ಸೆಕೆಂಡು

ಕೋಟಿನ ಬಟ್ಟೆ ದಪ್ಪ, ಸೂಜಿ ಒಂದೇ ಏಟಿಗೆ ಇಳಿಯಲಿಲ್ಲ. ಟೈಲರಕ್ಕ ಪೆಟ್ಟಿಗೆಯ ಮೇಲೆ ಇನ್ನಷ್ಟು ಬಾಗಿ, ಗಂಡನ ಎದೆಗೂ ಕೋಟಿಗೂ ನಡುವೆ ಎಡಗೈಯ ಎರಡು ಬೆರಳು ತೂರಿಸಿ, ಸೂಜಿಯನ್ನು ಒತ್ತಿದಳು. ಚುಚ್ಚಿದರೂ ಅವನಿಗೆ ಇನ್ನು ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೂ ಬೆರಳು ಅಡ್ಡ ಇಟ್ಟಳು. ಮೂವತ್ತು ವರ್ಷ ಊರವರ ಬಟ್ಟೆ ರಿಪೇರಿ ಮಾಡಿದವಳ ಗಂಡ ಮೂರನೇ ಗುಂಡಿಯಿಲ್ಲದ ಕೋಟು ಹಾಕಿಕೊಂಡು ಹೋದ ಅಂತ ನಾಳೆ ಯಾರೂ ಆಡಿಕೊಳ್ಳಬಾರದು.

"ಜನ ಬರೋ ಹೊತ್ತಾಯ್ತು ಅತ್ತಿಗೆ, ಬಿಡಿ," ಎಂದಳು ನಾದಿನಿ. ಸತ್ತವನಿಗೆ ಒಬ್ಬಳೇ ತಂಗಿ ಅವಳು. ಬೆಳಗಿನಿಂದ ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಎರಡು ಸುತ್ತು ಬಾಕಿ ಇದೆ."

"ಅದಲ್ಲ, ಗುನುಗ್ತಿದ್ದೀರಲ್ಲ. ಯಾರಾದ್ರೂ ಕೇಳಿಸಿಕೊಂಡ್ರೆ ಏನಂದ್ಕೋತಾರೆ?"

"ಯಾರು, ನಾನಾ?" ಟೈಲರಕ್ಕ ತಲೆ ಎತ್ತಿದಳು. "ಗಂಡ ಪೆಟ್ಟಿಗೇಲಿ ಮಲಗಿದಾನೆ, ನಾನು ಹಾಡ್ಕೋತಾ ಕೂತಿದೀನಾ? ಅತ್ತು ಅತ್ತು ನಿನ್ನ ಕಿವಿ ಕಟ್ಟಿದೆ. ಹೋಗಿ ಮುಖ ತೊಳ್ಕೋ."

ಟೈಲರಕ್ಕ ದಾರವನ್ನು ಗುಂಡಿಯ ಕೆಳಗೆ ಸುತ್ತಿ, ಗಂಟು ಹಾಕಿ, ಹಲ್ಲಿನಲ್ಲಿ ಕಟ್ ಎಂದು ಕಡಿದಳು. ಕತ್ತರಿ ಎಷ್ಟೇ ಹತ್ತಿರವಿದ್ದರೂ ಅವಳು ದಾರ ಕಡಿಯುವುದು ಹಲ್ಲಿನಲ್ಲೇ. ಸೂಜಿಯನ್ನು ಹೆಗಲ ಬಟ್ಟೆಗೆ ಚುಚ್ಚಿಕೊಂಡಳು. ಆಗ ಕಣ್ಣಿಗೆ ಬಿತ್ತು, ನಾದಿನಿಯ ತೋಳಿನ ಅಂಚು ಬಿಚ್ಚಿಕೊಂಡು ಜೋತಾಡುತ್ತಿದೆ.

"ಏನೇ ಇದು?"

"ಗಾಡಿ ಬಾಗಿಲಿಗೆ ಸಿಕ್ಕಿಹಾಕ್ಕೊಂಡಿತು. ಇರಲಿ ಬಿಡಿ ಅತ್ತಿಗೆ."

"ಇರಲಿ ಅಂದ್ರೆ ಹೇಗೆ? ಆಮೇಲೆ ಹಾಕಿಕೊಡ್ತೀನಿ, ಜ್ಞಾಪಿಸು."

ಪೆಟ್ಟಿಗೆಯನ್ನು ಸಭಾಂಗಣದ ವೇದಿಕೆಯ ಕೆಳಗೆ, ಎರಡು ಮರದ ಬೆಂಚಿನ ಮೇಲೆ ಇಟ್ಟಿದ್ದರು. ಮುನ್ನೂರು ಕುರ್ಚಿಯ ಈ ಸಭಾಂಗಣಕ್ಕೆ ಅವನು ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ. ಸುಟ್ಟ ಬಲ್ಬು ಬದಲಾಯಿಸಿದ, ಸಡಿಲವಾದ ಪ್ಲಗ್ಗು ಬಿಗಿ ಮಾಡಿದ, ಎಲ್ಲರೂ ಹೋದ ಮೇಲೆ ಒಂದೊಂದೇ ದೀಪ ಆರಿಸಿ ಬಾಗಿಲು ಹಾಕಿದ. ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಸ್ವಿಚ್ ರೂಮಿನ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಜೇಬಿನಲ್ಲಿ ಟೆಸ್ಟರ್ ಇತ್ತು, ಡಬ್ಬಿಯಲ್ಲಿ ತಿಂದುಳಿದ ಅರ್ಧ ಬ್ರೆಡ್ಡು. ಊರಿನಲ್ಲಿ ಅವನ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ. ಎಲ್ಲರಿಗೂ ಅವನು ಫ್ಯೂಸಣ್ಣ.

ಜನ ಬರತೊಡಗಿದರು. ಬಂದವರಲ್ಲಿ ಗಾಯಕಿಯೂ ಇದ್ದಳು.

ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೂತು "ಮುಂದಿನವರು ಬನ್ನಿ" ಎನ್ನುವವಳು, ಮಿಕ್ಕ ಒಂದು ದಿನ ಈ ವೇದಿಕೆಯ ಮೇಲೆ ಮಹಾರಾಣಿ. ಐವತ್ತೈದಾದರೂ ಬೆನ್ನು ನೆಟ್ಟಗೆ. ಕಪ್ಪು ಉಡುಪು ಅವಳಿಗೆ ಒಪ್ಪಿತ್ತು ಅನ್ನುವುದನ್ನೂ ಟೈಲರಕ್ಕ ಗಮನಿಸಿದಳು, ಹೊಲಿಗೆ ಸೊಂಟದ ಹತ್ತಿರ ಸ್ವಲ್ಪ ಎಳೆಯುತ್ತಿದೆ ಅನ್ನುವುದನ್ನೂ ಗಮನಿಸಿದಳು. ಗಾಯಕಿ ಪೆಟ್ಟಿಗೆಯ ಅಂಚು ಹಿಡಿದು ಅತ್ತಳು. ಅತ್ತರೂ ಶ್ರುತಿಯಲ್ಲೇ ಅಳುತ್ತಾಳೆ, ಬಂದಳು ಮಹಾರಾಯ್ತಿ, ಎಂದುಕೊಂಡಳು ಟೈಲರಕ್ಕ.

ಮುಂದಿನ ಸಾಲಿನಲ್ಲಿ ಕೂತ ಗಾಯಕಿ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. "ಆರನೇ ಹಾಡು ನಿಮಗೆಲ್ಲ ಗೊತ್ತಲ್ಲ, ನಡುವೆ ಎಲ್ಲಾ ನಿಂತುಹೋಗುತ್ತಲ್ಲ ನಲವತ್ತು ಸೆಕೆಂಡು. ಅದು ಅವರು ನನಗೋಸ್ಕರ ಇಟ್ಟಿದ್ದು. ಆ ಜಾಗದಲ್ಲಿ ನನಗೆ ಉಸಿರು ಸಾಲ್ತಿರಲಿಲ್ಲ. ನಾನು ಯಾರ ಹತ್ರಾನೂ ಹೇಳಿರಲಿಲ್ಲ. ಅವರೇ ಅರ್ಥ ಮಾಡ್ಕೊಂಡ್ರು. ಹಾಗೆ ಅರ್ಥ ಮಾಡ್ಕೊಳ್ಳೋರು ಎಷ್ಟು ಜನ ಸಿಗ್ತಾರೆ ಹೇಳಿ."

ಕೇಳಿದವರು ತಲೆಯಾಡಿಸಿದರು. ಡ್ರಮ್ ಬಾರಿಸುವ ಬೇಕರಿಯಣ್ಣ ಮಾತ್ರ ತಲೆಯಾಡಿಸದೆ, ಬಗ್ಗಿ ಬೂಟಿನ ಮೇಲಿನ ಹಿಟ್ಟು ಕೊಡವುತ್ತಿದ್ದ.

ಟೈಲರಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಈ ಬೆಂಕಿ ಹೊಸದಲ್ಲ, ಹದಿನೇಳು ವರ್ಷದ್ದು. ಆದರೆ ಇವತ್ತು ಅದು ಬೇಡವಾಗಿತ್ತು. ಮೂರು ದಿನದಿಂದ ಅವಳು ಒಂದೇ ಒಂದು ಆಸೆ ಇಟ್ಟುಕೊಂಡಿದ್ದಳು: ಬದುಕಿದ್ದಾಗ ಹೇಗೋ ಹಂಚಿಹೋಗಿದ್ದ, ಹೋಗುವ ದಿನವಾದರೂ ಗಂಡ ಪೂರ್ತಿ ತನ್ನವನಾಗಿರಲಿ.

ಗಾಯಕಿ ಎದ್ದು ಅವಳ ಬಳಿಗೇ ಬಂದಳು. "ಅಕ್ಕ, ಎರಡು ಗಂಟೆಗೆ ಗಾಡಿ ಬರುತ್ತಂತೆ. ಅದಕ್ಕೆ ಮುಂಚೆ ಆರನೇ ಹಾಡು ಹಾಡಿ ಕಳಿಸ್ತೀವಿ. ಸ್ವಿಚ್ ರೂಮಿನ ಕೀ ಕೊಡಿ. ಎಲ್ಲಿ ಏನಿದೆ ಅಂತ ನನಗೆ ಗೊತ್ತು."

ಎಲ್ಲಿ ಏನಿದೆ ಅಂತ ಇವಳಿಗೆ ಗೊತ್ತು. ಟೈಲರಕ್ಕ ಕೀ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹಾಡು ಬೇಡ."

"ಅವರಿಗೆ ಇಷ್ಟ ಆಗ್ತಿತ್ತು ಅಕ್ಕ."

"ನನ್ನ ಗಂಡನಿಗೆ ಏನಿಷ್ಟ ಅಂತ ನೀವು ನನಗೆ ಹೇಳಿಕೊಡಬೇಕಾಗಿಲ್ಲ."

ಸುತ್ತ ಕೂತವರು ನೆಲ ನೋಡಿದರು.

*

ಆ ಆರನೇ ಹಾಡಿನ ಆಲ್ಬಮ್ಮು ಅವಳ ಮನೆಗೆ ಬಂದದ್ದು ಇಪ್ಪತ್ತಾರು ವರ್ಷದ ಹಿಂದೆ. ದೂರದ ಯಾವುದೋ ಊರಿನ ನಾಲ್ಕು ಜನ ಉದ್ದಕೂದಲಿನವರು, ಈ ಊರಿನ ಹಾಡುಗಾರರೆಲ್ಲ ಇನ್ನೂ ಮಕ್ಕಳಾಗಿದ್ದ ಕಾಲದಲ್ಲಿ ಹಾಡಿ ಬಾರಿಸಿ ಮಾಡಿದ್ದ ರಾಕ್ ಸಂಗೀತದ ರೆಕಾರ್ಡು. ಕಡುನೀಲಿ ಹೊದಿಕೆ, ಅದರ ಮೇಲೆ ಗೋಡೆಯೇ ಇಲ್ಲದ ಒಂದು ಬಾಗಿಲಿನ ಚಿತ್ರ. ಒಳಗೆ ಒಂಬತ್ತು ಹಾಡು. ಬೇಕರಿಯಣ್ಣ, ಗಾಯಕಿ, ಗಿಟಾರು ಬಾರಿಸುವ ಅಂಚೆಯವನು, ಮೂವರೂ ಆ ರೆಕಾರ್ಡಿಗೆ ಮರುಳಾದವರು. ವರ್ಷಕ್ಕೊಂದು ಶನಿವಾರ ಸಂಜೆ ಅದನ್ನು ಮೊದಲಿನಿಂದ ಕೊನೆಯವರೆಗೆ ಸಭಾಂಗಣದಲ್ಲಿ ಹಾಡೋಣ ಎಂದು ಹೊರಟರು. ಮೈಕು, ಸ್ಪೀಕರು ನೋಡಿಕೊಳ್ಳಲು ಫ್ಯೂಸಣ್ಣ ಇದ್ದೇ ಇದ್ದ. ಆಗಿನ್ನೂ ಅವನಿಗೆ ಆ ಹೆಸರು ಬಂದಿರಲಿಲ್ಲ.

ಮೊದಲಿನ ವರ್ಷಗಳಲ್ಲಿ ರೆಕಾರ್ಡಿನಲ್ಲಿ ಇದ್ದದ್ದು ಇದ್ದಹಾಗೆ ಹಾಡಲು ಹೋಗಿ ಬೆವರು ಸುರಿಸಿದರು. ಒಮ್ಮೆ ಒಬ್ಬ ಮುದುಕ ಮೂರನೇ ಹಾಡಿಗೆ ಎದ್ದು ನಿಂತು, "ಇದನ್ನ ನಾನು ಮನೇಲೇ ಕೇಳಬಹುದಲ್ಲ, ಅಲ್ಲಾದ್ರೆ ಕುರ್ಚಿ ಮೆತ್ತಗಿದೆ," ಎಂದು ಕೊಡೆ ತೆಗೆದುಕೊಂಡು ಹೊರಟುಹೋದ. ಅವತ್ತಿನಿಂದ ಅವರು ಹಾಡುಗಳನ್ನು ಬಿಚ್ಚಿ ಹೊಲಿಯಲು ಶುರುಮಾಡಿದರು. ಎರಡನೇ ಹಾಡಿನಿಂದ ಗಿಟಾರನ್ನೇ ತೆಗೆದುಹಾಕಿದರು. ನಾಲ್ಕನೆಯದಕ್ಕೆ ಡ್ರಮ್ಮಿನ ಬದಲು ಬೇಕರಿಯಣ್ಣ ತಗಡಿನ ಬ್ರೆಡ್ಡಿನ ಟ್ರೇ ಬಾರಿಸಿದ. ಆರನೆಯದು ರೆಕಾರ್ಡಿನಲ್ಲಿ ಏಳು ನಿಮಿಷದ ಅಬ್ಬರ, ಕೊನೆಗೊಂದು ಕಿರುಚಾಟ. ಅದನ್ನು ಗಾಯಕಿ ಯಾರದೋ ಕಾಗದ ಓದಿ ಹೇಳುವವಳ ಹಾಗೆ ಮೆಲ್ಲಗೆ ಹಾಡತೊಡಗಿದಳು. ಹಳೇ ಕೋಟು ಬಿಚ್ಚಿ ಹೊಸ ಅಳತೆಗೆ ಹೊಲಿಯುವುದು ಎಂಥ ಕೆಲಸ ಅಂತ ಟೈಲರಕ್ಕನಿಗೆ ಗೊತ್ತಿತ್ತು. ಈ ವಿಷಯದಲ್ಲಿ ಅವಳಿಗೆ ಅವರ ಮೇಲೆ ಮರ್ಯಾದೆಯೇ ಇತ್ತು.

ಪ್ರತಿ ವರ್ಷವೂ ಅವಳು ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಹೊರಬಾಗಿಲಿನ ಮೇಲಿನ ಬ್ಯಾಟರಿ ದೀಪ ಯಾವಾಗಲೂ ಉರಿಯುತ್ತಿದ್ದದ್ದು ಅಲ್ಲಿ ಮಾತ್ರ. ಆ ಬೆಳಕಿನಲ್ಲಿ ಎರಡು ಪ್ಯಾಂಟಿನ ಅಂಚು ಮುಗಿಯುತ್ತಿತ್ತು.

ಒಂಬತ್ತನೇ ವರ್ಷ, ಆರನೇ ಹಾಡಿನ ನಡುವೆ ಫ್ಯೂಸು ಹೋಯಿತು. ಗಿಟಾರು ಸತ್ತಿತು, ವೇದಿಕೆ ಕತ್ತಲಾಯಿತು, ಗಾಯಕಿ ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಫ್ಯೂಸಿನ ಪೆಟ್ಟಿಗೆ ಇದ್ದದ್ದು ಹಿಂದಿನ ಗೋಡೆಯಲ್ಲಿ, ಟೈಲರಕ್ಕ ಕೂತಿದ್ದ ಜಾಗದಿಂದ ಮೂರು ಹೆಜ್ಜೆ. ಅವನು ಟಾರ್ಚು ಹಿಡಿದು ಓಡಿಬಂದ. ಆದರೆ ಬಂದವನು ತಕ್ಷಣ ಕೆಲಸಕ್ಕೆ ಇಳಿಯಲಿಲ್ಲ. ಫ್ಯೂಸಿನ ತಂತಿ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ವೇದಿಕೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಅವನ ಕಣ್ಣು ಒದ್ದೆಯಾಗಿದ್ದದ್ದು ಬಾಗಿಲ ದೀಪದಲ್ಲಿ ಅವಳಿಗೆ ಕಂಡಿತು. ನಲವತ್ತು ಸೆಕೆಂಡಿನ ಮೇಲೆ ದೀಪ ಬಂತು, ಹಾಡು ಮುಂದುವರಿಯಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೇಕೆಂದೇ ಮಾಡಿದ್ದು ಅಂದುಕೊಂಡಿದ್ದರು. "ಗದ್ದಲದ ಎದೆಯೊಳಗೆ ಒಂದು ಮೌನ," ಎಂದು ಪತ್ರಿಕೆಯವರು ಬರೆದರು. ಆ ತುಂಡು ಕಾಗದಕ್ಕೆ ಚೌಕಟ್ಟು ಹಾಕಿಸಿ ಸಭಾಂಗಣದ ಗೋಡೆಗೆ ತೂಗುಹಾಕಿದರು. ಅವನಿಗೆ ಫ್ಯೂಸಣ್ಣ ಎಂಬ ಹೆಸರು ಅಂಟಿತು.

ಮುಂದಿನ ವರ್ಷದಿಂದ ಆ ಮೌನವನ್ನು ಬೇಕೆಂದೇ ಇಟ್ಟರು. ಇಡೋಣ ಎಂದು ಹಟ ಹಿಡಿದವನು ಫ್ಯೂಸಣ್ಣನೇ. ಗಡಿಯಾರ ನೋಡಿಕೊಂಡು ನಲವತ್ತು ಸೆಕೆಂಡು ಎಲ್ಲಾ ಮೈಕುಗಳ ಧ್ವನಿಯನ್ನೂ ಇಳಿಸುತ್ತಿದ್ದ. ವೇದಿಕೆಯ ಮೇಲೆ ಗಾಯಕಿ ಕಣ್ಣುಮುಚ್ಚಿ, ಎದೆ ಏರಿಳಿಸುತ್ತ, ದೀಪದಡಿ ಒಬ್ಬಳೇ ನಿಂತಿರುತ್ತಿದ್ದಳು. ಅವಳನ್ನು ನೋಡುವುದಕ್ಕಲ್ಲದೆ ಇನ್ಯಾಕೆ ಇಟ್ಟ ಅದನ್ನು? ಟೈಲರಕ್ಕ ತಲೆ ಬಗ್ಗಿಸಿ ಹೊಲಿಗೆ ಹಾಕುತ್ತಿದ್ದಳು. ನೋಡಿದರೆ ತಾನೇ ಉರಿ?

*

ಬೇಕರಿಯಣ್ಣ ಅವಳ ಪಕ್ಕದ ಕುರ್ಚಿಯಲ್ಲಿ ಬಂದು ಕೂತ. ಅವನ ಬಟ್ಟೆಯಿಂದ ಬೆಳಗಿನ ಬ್ರೆಡ್ಡಿನ ವಾಸನೆ ಬರುತ್ತಿತ್ತು.

"ಟೈಲರಕ್ಕ, ಬೇಡ ಅಂದ್ರೆ ಬೇಡ. ನಾವ್ಯಾರೂ ಬಾಯಿ ತೆರೆಯಲ್ಲ."

"ಬೇಡ."

"ಆದ್ರೆ ಒಂದು ಮಾತು. ಬೇಡ ಅನ್ನೋಕೆ ಮುಂಚೆ ಒಂದ್ಸಲ ಆ ರೂಮಿಗೆ ಹೋಗಿ ಬನ್ನಿ. ಕಳೆದ ವರ್ಷದ ಕಾರ್ಯಕ್ರಮದ ಕ್ಯಾಸೆಟ್ಟು ಡೆಕ್ಕಲ್ಲೇ ಇದೆ, ಆರನೇ ಹಾಡಿಗೆ ನಿಲ್ಲಿಸಿದೆ. ಮೊನ್ನೆ ಅವನು ಅದನ್ನೇ ಕೇಳ್ತಿದ್ದ."

"ಸಾಯೋವಾಗಲೂ ಅದನ್ನೇನಾ?"

"ಕಿವೀಲಿ ಹೆಡ್‌ಫೋನ್ ಇತ್ತು. ತೆಗೆದು ಪಕ್ಕಕ್ಕೆ ಇಟ್ಟಿದ್ದು ನಾನೇ."

ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಜೇಬಿನ ಟೆಸ್ಟರ್ ಬಗ್ಗೆ ಹೇಳಿದ್ದರು, ಅರ್ಧ ಬ್ರೆಡ್ಡಿನ ಬಗ್ಗೆ ಹೇಳಿದ್ದರು, ಇದನ್ನು ಮಾತ್ರ ನುಂಗಿಕೊಂಡಿದ್ದರು. ಅವಳು ಎದ್ದಳು. ಗಾಯಕಿಯೂ ಎದ್ದಳು.

"ನಾನೂ ಬರ್ತೀನಿ ಅಕ್ಕ."

"ಕೂತ್ಕೊಳ್ಳಿ," ಎಂದಳು ಟೈಲರಕ್ಕ.

*

ಪ್ರತಿ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಅವನು ಕಿಟಕಿಯ ಪಕ್ಕ ಕೂರುತ್ತಿದ್ದ. ಪುಟ್ಟ ಟೇಪ್ ರೆಕಾರ್ಡರು, ಕಿವಿಗೆ ಹೆಡ್‌ಫೋನು. ಲೋಕವೆಲ್ಲ ಕ್ಯಾಸೆಟ್ಟು ಬಿಸಾಕಿ ಎಷ್ಟೋ ವರ್ಷವಾಗಿದ್ದರೂ ಅವನು ಬಿಟ್ಟಿರಲಿಲ್ಲ. ಕೇಳುತ್ತ ಕೇಳುತ್ತ ಕಣ್ಣು ಮುಚ್ಚುತ್ತಿದ್ದ, ತುಟಿಯ ಒಂದು ಮೂಲೆ ಮೇಲಕ್ಕೆ ಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ಮೂಲೆ ಹಾಗೆ ಮೇಲಕ್ಕೆ ಹೋಗುತ್ತಿದ್ದದ್ದು ಅವಳನ್ನು ನೋಡಿದಾಗ.

ಹೆಡ್‌ಫೋನಿನ ಸ್ಪಂಜು ಸವೆದು ಪುಡಿಪುಡಿಯಾದಾಗ ಅವನ ಕಿವಿಯ ಮೇಲೆಲ್ಲ ಕಪ್ಪು ಅಂಟಿಕೊಳ್ಳುತ್ತಿತ್ತು. ನೋಡಲಾಗದೆ ಅವಳೇ ಮೆತ್ತನೆಯ ನೀಲಿ ಬಟ್ಟೆಯಲ್ಲಿ ಎರಡು ಪುಟ್ಟ ಗವುಸು ಹೊಲಿದು ತೊಡಿಸಿದಳು. ಸವತಿಗೆ ಹೊಸ ಬಟ್ಟೆ ಹೊಲಿದುಕೊಟ್ಟ ಹಾಗಾಯ್ತಲ್ಲ ಎಂದು ಆಮೇಲೆ ತನ್ನನ್ನೇ ಬೈದುಕೊಂಡಳು.

ಒಂದೇ ಒಂದು ಸಲ ಕೇಳಿದ್ದಳು. "ಏನ್ರೀ ಅದು, ದಿನಾ ದಿನಾ?"

"ಆರನೇ ಹಾಡು."

"ನನಗೂ ಕೊಡಿ, ನೋಡೋಣ."

ಅವನು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡ. "ಬೇಡ ಕಣೇ. ಕೇಳಿದ್ರೆ ನೀನು ನಿಲ್ಲಿಸಿಬಿಡ್ತೀಯ."

ನಿಲ್ಲಿಸಿಬಿಡುತ್ತಾಳಂತೆ. ಹೌದು, ನಿಲ್ಲಿಸುತ್ತಿದ್ದಳು. ಯಾವ ಹೆಂಡತಿ ನಿಲ್ಲಿಸುವುದಿಲ್ಲ? ಅವಳು ಮಾತು ಬೆಳೆಸಲಿಲ್ಲ. ಹಾಡಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. ಎರಡನೇ ತರಗತಿಯಲ್ಲಿ ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಹಾಡಿಸುವಾಗ ಟೀಚರು ಅವಳ ಹತ್ತಿರ ಬಂದು, "ನೀನು ಬರೀ ತುಟಿ ಆಡಿಸು, ಸಾಕು," ಎಂದಿದ್ದರು. ಅವತ್ತಿನಿಂದ ಅವಳು ಹಾಡಿಲ್ಲ. ಮದುವೆಗೆ ಮುಂಚೆಯೇ ಇದನ್ನು ಅವನಿಗೆ ಹೇಳಿದ್ದಳು, ಆಮೇಲೆ ತಕರಾರು ಬರಬಾರದು ನೋಡಿ. ಅವನು ನಕ್ಕಿರಲಿಲ್ಲ. ಆ ಟೀಚರಿನ ಮೇಲೆ ಸಿಟ್ಟಾಗಿದ್ದ.

*

ಸ್ವಿಚ್ ರೂಮು ಸಭಾಂಗಣದ ಹಿಂಭಾಗದಲ್ಲಿ, ಹೊರಬಾಗಿಲಿನ ಪಕ್ಕದಲ್ಲಿತ್ತು. ಎರಡು ಜನ ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ಒಳಗೆ ಕಾಲಿಟ್ಟಿರಲಿಲ್ಲ. ಕರೆಯದ ಕಡೆ ಹೋಗುವ ಜಾತಿಯಲ್ಲ ಅವಳು.

ಕುರ್ಚಿಯಲ್ಲಿ ಕೂತಳು. ಅವನ ಭಾರಕ್ಕೆ ಸೀಟು ಎಡಕ್ಕೆ ತಗ್ಗಿತ್ತು. ಎದುರಿಗೆ ಗಾಜು, ಗಾಜಿನಾಚೆ ಸಭಾಂಗಣ. ವೇದಿಕೆ ದೂರದಲ್ಲಿ ಅಂಗೈಯಗಲ ಕಾಣುತ್ತಿತ್ತು. ಗಾಜಿನ ಮುಕ್ಕಾಲು ಭಾಗ ತುಂಬಿದ್ದದ್ದು ಕೊನೆಯ ಸಾಲಿನ ಕುರ್ಚಿಗಳು.

ಮೇಜಿನ ಮೇಲೆ ಧ್ವನಿ ಏರಿಸಿ ಇಳಿಸುವ ಗುಂಡಿಗಳು ಸಾಲಾಗಿದ್ದವು. ಪ್ರತಿಯೊಂದರ ಕೆಳಗೂ ಬಿಳಿ ಟೇಪು, ಅದರ ಮೇಲೆ ಅವನ ದಪ್ಪ ಅಕ್ಷರ. ಗಾಯಕಿ. ಗಿಟಾರು. ಡ್ರಮ್ ಒಂದು. ಡ್ರಮ್ ಎರಡು. ಎಲ್ಲಕ್ಕಿಂತ ಕೊನೆಗೆ, ಅವನ ಬಲಗೈ ತಾನಾಗಿ ಬೀಳುವ ಜಾಗದಲ್ಲಿ ಒಂದು ಗುಂಡಿ. ಬೆರಳು ತಾಗಿ ತಾಗಿ ಅದರ ಬಣ್ಣ ಹೋಗಿತ್ತು. ಅದರ ಕೆಳಗೆ ಬರೆದಿತ್ತು: ಕೊನೆ ಸಾಲು.

ಹೆಡ್‌ಫೋನಿಗೆ ಅವಳದೇ ನೀಲಿ ಗವುಸು. ಅದನ್ನು ಕಿವಿಗೆ ಹಾಕಿಕೊಂಡು ಡೆಕ್ಕಿನ ಗುಂಡಿ ಒತ್ತಿದಳು.

ಗಾಯಕಿಯ ದನಿ ಬಂತು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಬೇಕು, ತುಂಬಾ ಚೆನ್ನಾಗಿತ್ತು. ಟೈಲರಕ್ಕ ಹಲ್ಲು ಕಚ್ಚಿ ಕೂತಳು. ಗಿಟಾರು, ಡ್ರಮ್ಮು, ದನಿ, ಎಲ್ಲಾ ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಂತವು. ಇನ್ನು ಅವಳ ಉಸಿರು ಕೇಳಿಸುತ್ತದೆ, ಎಂದುಕೊಂಡಳು. ಹದಿನೇಳು ವರ್ಷ ನನ್ನ ಗಂಡ ಕಿಟಕಿಯ ಪಕ್ಕ ಕೂತು ಕೇಳಿದ ಉಸಿರು. ಕೇಳಿಸಲಿ.

ಕೇಳಿಸಿದ್ದು ಉಸಿರಲ್ಲ. ದೊಡ್ಡ ಕೋಣೆಯ ಗುಂಯ್ ಎನ್ನುವ ಸದ್ದು, ಎಲ್ಲೋ ಒಂದು ಕುರ್ಚಿ ಕಿರ್ ಎಂದದ್ದು, ಆಮೇಲೆ ತೀರಾ ಹತ್ತಿರದಲ್ಲಿ ಯಾವಳೋ ಒಬ್ಬಳು ಗುನುಗುತ್ತಿದ್ದಾಳೆ. ಆರನೇ ಹಾಡೇ, ಆದರೆ ಶ್ರುತಿ ಎತ್ತಲೋ ಹೋಗಿದೆ. ಏರಬೇಕಾದ ಕಡೆ ಇಳಿಯುತ್ತದೆ, ಎಳೆಯಬೇಕಾದ ಕಡೆ ನಿಂತು ಮೂಗು ಸೇದುತ್ತದೆ.

ಟೈಲರಕ್ಕ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಅವಳಲ್ಲ. ಇವಳು ಇನ್ನೊಬ್ಬಳು.

ಮನುಷ್ಯ ಒಬ್ಬಳು ಸಾಲದೆ ಇನ್ನೊಬ್ಬಳನ್ನೂ ಇಟ್ಟುಕೊಂಡಿದ್ದನೇ? ಅದೂ ಇಷ್ಟು ಕೆಟ್ಟದಾಗಿ ಹಾಡುವವಳನ್ನು? ಗಾಯಕಿಯ ಮೇಲಿನ ಹೊಟ್ಟೆಕಿಚ್ಚು ಈ ಹೊಸಬಳ ಎದುರಿಗೆ ಏನೂ ಅಲ್ಲ ಎನ್ನಿಸಿತು. ಗಾಯಕಿಗಾದರೂ ಕಂಠವಿತ್ತು, ಇವಳಲ್ಲಿ ಏನು ಕಂಡ? ಈ ಗುನುಗಿನಲ್ಲಿ ಎಂಥದೋ ನೆಮ್ಮದಿಯಿತ್ತು, ಯಾರೂ ಕೇಳುತ್ತಿಲ್ಲ ಎಂದುಕೊಂಡವರ ನೆಮ್ಮದಿ. ಅದೇ ಅವಳನ್ನು ಇನ್ನೂ ಕೆರಳಿಸಿತು. ಯಾರೇ ನೀನು, ಎಂದು ಕೇಳುವಷ್ಟರಲ್ಲಿ ಗುನುಗು ನಿಂತಿತು.

ಕಟ್.

ದಾರ ಕಡಿದ ಸದ್ದು. ಹಲ್ಲಿನಲ್ಲಿ ಕಡಿದದ್ದು.

ಗುನುಗು ಮತ್ತೆ ಶುರುವಾಯಿತು. ಟೈಲರಕ್ಕನ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ನಲವತ್ತು ಸೆಕೆಂಡು ಮುಗಿದು ಗಿಟಾರು ಧಡ್ ಎಂದು ಒಳಗೆ ನುಗ್ಗಿತು. ಅವಳು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದಳು. ಇನ್ನೊಂದು ಸಲ ಕೇಳಿದಳು. ಬೀರುವಿನ ಬಾಗಿಲು ತೆರೆದರೆ ಕ್ಯಾಸೆಟ್ಟುಗಳು ಬೆನ್ನು ತೋರಿಸಿಕೊಂಡು ನಿಂತಿದ್ದವು, ವರ್ಷ ಬರೆದ ಚೀಟಿಗಳೊಂದಿಗೆ.

ಬಾಗಿಲಲ್ಲಿ ಬೇಕರಿಯಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಇದು ನಾನಾ?" ಎಂದಳು.

"ನೀವೇ."

"ಪ್ರತಿ ವರ್ಷಾನೂ?"

"ಹದಿನೇಳು ವರ್ಷಾನೂ. ನಿಮ್ಮ ಕುರ್ಚಿ ಮೇಲೆ ಮೈಕ್ ನೇತುಹಾಕೋವಾಗ ಏಣಿ ಹಿಡೀತಿದ್ದಿದ್ದು ನಾನೇ. ಫ್ಯೂಸ್ ಹೋಯ್ತಲ್ಲ, ಆವತ್ತು ಕತ್ತಲಲ್ಲಿ ಎಲ್ಲರೂ ಸುಮ್ಮನಾದ್ರು, ನೀವೊಬ್ರೇ ಹೊಲೀತಾ ಗುನುಗ್ತಾ ಇದ್ರಂತೆ. ಅದನ್ನ ಕೇಳಿ ಅವನಿಗೆ ತಲೆ ಕೆಟ್ಟುಹೋಯ್ತು. ಆ ಮೈಕ್ ಹೊರಗಿನ ಸ್ಪೀಕರಿಗೆ ಹೋಗ್ತಿರಲಿಲ್ಲ. ಟೇಪಿಗೆ, ಅವನ ಕಿವಿಗೆ, ಅಷ್ಟೇ."

"ನನಗ್ಯಾಕೆ ಹೇಳಲಿಲ್ಲ?"

"ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ, ಬಾಯಿ ಬಿಟ್ರೆ ನೋಡು ಅಂದಿದ್ದ. ನನ್ನ ಬಾಯಿಗೆ ಬೀಗ ಹಾಕಿಸಿದ್ದ."

ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಒಂದು ಮಾತು ಹೇಳಿದ್ದರೆ ಹದಿನೇಳು ವರ್ಷದ ಉರಿ ತಪ್ಪುತ್ತಿತ್ತು. ಮುಂಡೇದು, ಒಂದು ಮಾತು. ಆಮೇಲೆ ಅಳುವೂ ಬಂತು. ಹೆಡ್‌ಫೋನಿನ ಗವುಸಿನಿಂದಲೇ ಕಣ್ಣು ಒರೆಸಿಕೊಂಡಳು.

"ಅವಳಿಗೆ ಗೊತ್ತಾ?"

"ಇಲ್ಲ. ಅವಳು ತನಗೇ ಅಂದ್ಕೊಂಡಿದ್ದಾಳೆ. ಅಂದ್ಕೊಳ್ಳಲಿ ಅಂತ ಸುಮ್ಮನಿದ್ವಿ."

ಅಷ್ಟರಲ್ಲಿ ಗಾಯಕಿಯೇ ಬಂದಳು. ಹೇಳದಿದ್ದರೂ ಬರುವವಳು. ಅವಳ ಕಣ್ಣು ನೇರವಾಗಿ ಕ್ಯಾಸೆಟ್ಟಿನ ಮೇಲೆ ಹೋಯಿತು.

"ಅಕ್ಕ, ಒಂದು ಕೇಳ್ಲಾ? ಅದನ್ನ ನನಗೆ ಕೊಡ್ತೀರಾ, ನೆನಪಿಗೆ? ಆ ನಲವತ್ತು ಸೆಕೆಂಡು ಹೇಗೆ ಬಂದಿದೆ ಅಂತ ಒಂದ್ಸಲಾನೂ ಕೇಳಿಸಿಲ್ಲ ಅವರು. ಎಷ್ಟು ಸಲ ಕೇಳಿದೆ. ನಗ್ತಿದ್ರು, ಅಷ್ಟೇ."

ಟೈಲರಕ್ಕ ಕ್ಯಾಸೆಟ್ಟು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. "ಇಲ್ಲ," ಎಂದಳು. "ಇದು ಮನೇಲಿರುತ್ತೆ."

ಗಾಯಕಿಯ ಮುಖ ಬಾಡಿಹೋಯಿತು. ಪಾಪ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ.

"ಹಾಡಿ, ಪರವಾಗಿಲ್ಲ. ಆರನೇದೇ ಹಾಡಿ," ಎಂದಳು. ಗಾಯಕಿ ಕೈಮುಗಿದು ವೇದಿಕೆಯ ಕಡೆ ಹೋದ ಮೇಲೆ ಬೇಕರಿಯಣ್ಣನತ್ತ ತಿರುಗಿದಳು. "ಆ ಮೈಕ್ ಇನ್ನೂ ಮೇಲಿದೆಯಾ?"

"ಇದೆ. ಇಳಿಸೋಕೆ ಅವನೇ ಬಿಡ್ತಿರಲಿಲ್ಲ."

"ಇವತ್ತು ಅದನ್ನ ಹೊರಗಿನ ಸ್ಪೀಕರಿಗೆ ಬಿಡು. ನೀನೇ ಇಲ್ಲಿ ಕೂರು, ಇವತ್ತು ಡ್ರಮ್ ಬೇಡ."

"ಟೈಲರಕ್ಕ, ಅವಳಿಗೆ..."

"ಕೇಳಿಸಲಿ. ಹದಿನೇಳು ವರ್ಷ ನಾನು ಕೇಳಿದೀನಿ. ಅವಳು ಒಂದು ದಿನ ಕೇಳಲಿ."

*

ಒಂದೂವರೆಗೆ ಶುರುಮಾಡಿದರು. ಅಂಚೆಯವನು ಗಿಟಾರು ಹಿಡಿದು ಸ್ಟೂಲಿನ ಮೇಲೆ ಕೂತ. ಗಾಯಕಿ ಮೈಕಿನ ಮುಂದೆ ನಿಂತಳು. ಟೈಲರಕ್ಕ ಪೆಟ್ಟಿಗೆಯ ಪಕ್ಕದ ಕುರ್ಚಿ ಬಿಟ್ಟು ಹಿಂದಕ್ಕೆ ನಡೆದಾಗ ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾದಿನಿ ಹಿಂದೆಯೇ ಓಡಿಬಂದಳು.

"ಅತ್ತಿಗೆ, ಎಲ್ಲಿಗೆ? ನೀವು ಮುಂದೆ ಕೂರಬೇಕು."

"ನನ್ನ ಜಾಗ ಇಲ್ಲಿ. ನೀನೂ ಕೂತ್ಕೋ."

ತಲೆಯ ಮೇಲೆ ನೋಡಿದಳು. ಚಾವಣಿಯ ತೊಲೆಯಿಂದ ಇಳಿದ ತಂತಿಯ ತುದಿಯಲ್ಲಿ ಹೆಬ್ಬೆರಳಿನಷ್ಟು ಕಪ್ಪು ಮೈಕು. ಇಷ್ಟು ವರ್ಷ ಕೂತೂ ಕಂಡಿರಲಿಲ್ಲ. ಅವಳು ತಲೆ ಎತ್ತುತ್ತಿದ್ದವಳೇ ಅಲ್ಲ.

ಗಾಯಕಿ ಹಾಡಿದಳು. ಡ್ರಮ್ಮಿಲ್ಲದೆ ಹಾಡು ಇನ್ನೂ ಬರಿದಾಗಿತ್ತು, ಇನ್ನೂ 'ಕಾಗದ ಓದಿದ' ಹಾಗಿತ್ತು. ಮುಂದಿನ ಸಾಲಿನಲ್ಲಿ ಕರ್ಚೀಫುಗಳು ಹೊರಬಂದವು. ದನಿ ಏರಿತು, ಗಿಟಾರು ಏರಿತು, ಎಲ್ಲಾ ನಿಂತಿತು.

ಈಗ, ಎಂದುಕೊಂಡಳು ಟೈಲರಕ್ಕ. ಬಾಯಿ ತೆರೆದಳು.

ಏನೂ ಬರಲಿಲ್ಲ. ರಾಗ ಎಲ್ಲಿಂದ ಶುರುಮಾಡಬೇಕೋ ಗೊತ್ತಾಗಲಿಲ್ಲ. ಎರಡನೇ ತರಗತಿಯ ಸಾಲಿನಲ್ಲಿ ನಿಂತ ಹಾಗಾಯಿತು. ಹತ್ತು ಸೆಕೆಂಡು ಹೋಯಿತು, ಇಪ್ಪತ್ತು ಹೋಯಿತು. ಸ್ಪೀಕರುಗಳಿಂದ ಸಭಾಂಗಣದ ಗುಂಯ್ ಎನ್ನುವ ಸದ್ದು ಮಾತ್ರ ಬರುತ್ತಿತ್ತು. ವೇದಿಕೆಯ ಮೇಲೆ ಗಾಯಕಿ ಎಂದಿನಂತೆ ಕಣ್ಣುಮುಚ್ಚಿ ಉಸಿರಾಡುತ್ತಿದ್ದಳು. ಆ ಹೊತ್ತು ಪೂರ್ತಿ ಅವಳದೇ ಆಗಿ ಕಾಣುತ್ತಿತ್ತು. ಕೇಳಿದ್ರೆ ನಿಲ್ಲಿಸಿಬಿಡ್ತೀಯ. ಸರಿಯಾಗೇ ಹೇಳಿದ್ದ. ಅವನಿಗೆ ಗೊತ್ತಿತ್ತು, ಅವಳಿಗೇ ಗೊತ್ತಿರಲಿಲ್ಲ. ಗಂಡ ಹೋಗಿದ್ದು ಅವಳಿಗೆ ನಿಜವಾಗಿ ತಾಗಿದ್ದು ಆಗ.

ಪಕ್ಕದಲ್ಲಿ ನಾದಿನಿ ಸದ್ದಿಲ್ಲದೆ ಬಿಕ್ಕುತ್ತಿದ್ದಳು. ಅವಳು ಕಣ್ಣು ಒರೆಸಿಕೊಂಡಾಗಲೆಲ್ಲ ತೋಳಿನ ಬಿಚ್ಚಿದ ಅಂಚು ಮುಖದ ಮುಂದೆ ಜೋತಾಡುತ್ತಿತ್ತು. ಅದು ಟೈಲರಕ್ಕನಿಗೆ ನೋಡಲಾಗಲಿಲ್ಲ. ಹೆಗಲಿನಿಂದ ಸೂಜಿ ಕಿತ್ತಳು. ಬೆಳಗಿನ ಕಪ್ಪು ದಾರ ಇನ್ನೂ ಗೇಣುದ್ದ ಉಳಿದಿತ್ತು. ನಾದಿನಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಅಂಚು ಮಡಿಸಿ, ಹೊಲಿಯತೊಡಗಿದಳು. ಬಟ್ಟೆ ತೆಳು, ಟಾಕು ಸಣ್ಣದಾಗಿ ಬೀಳಬೇಕು, ಇಲ್ಲದಿದ್ದರೆ ಸುಕ್ಕು ಬರುತ್ತದೆ. ಒಂದು, ಎರಡು, ಮೂರು. ಈ ಕಡೆ ಹಾಕಿದರೆ ಆ ಕಡೆ ಸರಿಯಿರುತ್ತದೆ. ಮಡಿಕೆಯ ಹತ್ತಿರ ಎರಡು ಸಲ.

ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗುತ್ತಿದ್ದದ್ದು ಅವಳಿಗೆ ಕಾಣಲಿಲ್ಲ. ನಾದಿನಿಯ ಅಳು ನಿಂತದ್ದೂ ಗೊತ್ತಾಗಲಿಲ್ಲ. ಗಾಜಿನ ಹಿಂದೆ ಬೇಕರಿಯಣ್ಣ ಗಡಿಯಾರ ನೋಡುವುದನ್ನು ಬಿಟ್ಟು ಎಷ್ಟೋ ಹೊತ್ತಾಗಿತ್ತು. ನಲವತ್ತು ಸೆಕೆಂಡು ಯಾವಾಗಲೋ ಮುಗಿದುಹೋಗಿತ್ತು, ಅವನ ಕೈ ಆ ಕೊನೆಯ ಗುಂಡಿಯ ಮೇಲೆ ಹಾಗೇ ಇತ್ತು. ವೇದಿಕೆಯ ಮೇಲೆ ಗಾಯಕಿ ಕಣ್ಣು ತೆರೆದಳು. ಶ್ರುತಿ ತಪ್ಪಿ ಗುನುಗುತ್ತಿದ್ದ ಸ್ಪೀಕರನ್ನು ನೋಡಿದಳು, ಅಂಚೆಯವನನ್ನು ನೋಡಿದಳು, ಮುನ್ನೂರು ಕುರ್ಚಿಯಾಚೆ ಬಾಗಿಲ ದೀಪದ ಕೆಳಗೆ ಬಾಗಿದ್ದ ತಲೆಯನ್ನು ನೋಡಿದಳು. ಹಾಡಲು ತೆರೆದ ಬಾಯಿ ತೆರೆದೇ ಇತ್ತು.

ಟೈಲರಕ್ಕ ಕೊನೆಯ ಟಾಕು ಹಾಕಿ, ಗಂಟು ಬಿಗಿದು, ನಾದಿನಿಯ ತೋಳಿನ ಮೇಲೆ ಬಾಗಿದಳು. ಇಡೀ ಸಭಾಂಗಣದಲ್ಲಿ, ಎಂಟೂ ಸ್ಪೀಕರುಗಳಲ್ಲಿ ಒಟ್ಟಿಗೇ, ದಾರ ಕಟ್ ಎಂದಿತು.